ಇಳಕಲ್ಲಿನ ಕೊಂಡಿ, ಕಸೂತಿಯ ಎಳೆ

ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬಟ್ಟೆಬರೆಗೆಂದೇ ಒಂದು ಪ್ರಕರಣವಿದೆ. ಹತ್ತಿ, ನಾರು, ರೇಷ್ಮೆ, ಉಣ್ಣೆಯ ಬಟ್ಟೆಗಳೂ ಅವು ಬರುತ್ತಿದ್ದ ದೂರದ ನಾಡುಗಳೂ ಅಲ್ಲಿ ಬರುತ್ತವೆ. ಇಂದು ಈ ಸೀಮೆಯ ಹಿರಿಯ ಹೆಣ್ಣುಮಕ್ಕಳು ಮೆಚ್ಚಿ ಉಡುವ ಸೀರೆ ಅಷ್ಟು ದೂರದ್ದಲ್ಲ, ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನದು.

ಇಳಕಲ್ ಸೀರೆಯ ಗುಟ್ಟು ಅದರ ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯ ಕುಣಿಕೆಗೆ ಸಿಕ್ಕಿಸಿ, ಸಾವಿರಾರು ಎಳೆ ಕೂಡಿಸಿದ ಮೇಲೆ ಮಗ್ಗದ ಕೆಲಸ ಸಾಗುತ್ತದೆ. ಒಡಲು ಕಪ್ಪಿರಲಿ, ಹಸಿರಿರಲಿ, ಅದರ ನೂಲು ಸೆರಗಿಗೆ ಹಾಯುವುದಿಲ್ಲ. ಸೆರಗಿನ ಕೆಂಪು ಅಚ್ಚ ಕೆಂಪಾಗಿಯೇ ನಿಲ್ಲುತ್ತದೆ. ಆ ಕೆಂಪಿನಲ್ಲಿ ಬಿಳಿ ನೂಲಿನಿಂದ ಮೂಡುವ ಗೋಪುರದಂಥ ಸಾಲೇ ತೋಪು ತೆನಿ. ಅಂಚಿನಲ್ಲಿ ಗೋಮಿ, ಗಾಯತ್ರಿ, ಚಿಕ್ಕಿ ಪರಾಸು ಎಂಬ ಬಗೆಗಳಿವೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸವಿದ್ದರೆ ಉಡುಪು ಪೂರ್ಣವಾಯಿತು.

ಈ ಸೀರೆಯ ಮೇಲೆ ಧಾರವಾಡ ಸೀಮೆಯ ಹೆಂಗಸರು ಹಾಕುವ ಹೊಲಿಗೆ ಕಸೂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೂಲಿಗೆ ಗಂಟು ಹಾಕುವಂತಿಲ್ಲ. ಕಣ್ಣಿಟ್ಟು ಬಟ್ಟೆಯ ಎಳೆ ಎಣಿಸುತ್ತಲೇ ಸೂಜಿ ನಡೆಯಬೇಕು. ಗವಂತಿ ಎಂಬ ಬಗೆಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಅಷ್ಟೇ ಜಾಗ ಬಿಡುತ್ತಾರೆ, ಮರಳುವಾಗ ಬಿಟ್ಟ ಜಾಗ ತುಂಬುತ್ತಾರೆ. ಹೀಗಾಗಿ ಬಟ್ಟೆಯ ಎರಡೂ ಬದಿ ಒಂದೇ ಚಿತ್ರ. ಮುರಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ, ನೇಗಿ ನೆಯ್ದದ್ದರಂತೆ ಕಾಣುತ್ತದೆ, ಮೆಂಥಿ ಅಡ್ಡಹಾಯುವ ಹೊಲಿಗೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಈ ನಾಲ್ಕು ಹೊಲಿಗೆಗಳಲ್ಲೇ ಮೂಡುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇವು ಎದ್ದು ಕಾಣುವಷ್ಟು ಬೇರಾವುದರ ಮೇಲೂ ಕಾಣವು.

ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೂ ಯಂತ್ರಮಗ್ಗದ ಅಗ್ಗದ ನಕಲುಗಳು ನೇಕಾರರ ಕೂಲಿಯನ್ನೇ ಕಸಿಯುತ್ತಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕೊಂಡಿ ಇರುವುದಿಲ್ಲ. ಸೀರೆ ಕೊಳ್ಳುವಾಗ ಒಡಲು ಸೆರಗು ಕೂಡುವಲ್ಲಿ ಬೆರಳಾಡಿಸಿ ನೋಡಿ, ಕಸೂತಿಯಿದ್ದರೆ ಮಗುಚಿ ಹಿಂಬದಿಯನ್ನೂ ನೋಡಿ.