ಒಂದು ತಪ್ಪಿಗೆ ಇನ್ನೊಂದು ತಪ್ಪೇ ಮದ್ದು! ಬ್ಯಾಕ್ಟೀರಿಯಾದ ಕೆಟ್ಟ ‘ಸ್ವಿಚ್’ ಮತ್ತೆ ಕೆಲಸ ಮಾಡುವುದು ಹೇಗೆ?

ಮುಂಬೈ ಮಳೆಗಾಲದಲ್ಲಿ ನೆರೆ ನೀರಿಗಿಳಿದವರಿಗೆ ಇಲಿಜ್ವರ ಬಾರದಂತೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಹಲವರಿಗೆ ಗೊತ್ತು. ಇದು ಟೆಟ್ರಾಸೈಕ್ಲಿನ್ ಗುಂಪಿನ ಔಷಧ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನೇ ಈ ಗುಂಪು ತಡೆಯುತ್ತದೆ. ಆದರೆ ಇ.ಕೋಲಿಯಂಥ ಬ್ಯಾಕ್ಟೀರಿಯಾಗಳ ಕೆಲವು ತಳಿಗಳಲ್ಲಿ ಈ ಔಷಧವನ್ನು ಹೊರದಬ್ಬುವ ‘ಪಂಪ್’ ಇರುತ್ತದೆ. ಅದನ್ನು ನಿಯಂತ್ರಿಸುವ ಸ್ವಿಚ್, ಟೆಟ್‌ಆರ್ ಎಂಬ ಪ್ರೋಟೀನ್.

ಸ್ವಿಚ್ ಕೆಲಸ ಏನು?

ಪಂಪ್ ಅತಿಯಾದರೆ ಜೀವಕೋಶಕ್ಕೇ ಹೊರೆ. ಹಾಗಾಗಿ ಔಷಧ ಇಲ್ಲದಾಗ ಟೆಟ್‌ಆರ್ ಡಿಎನ್‌ಎಯನ್ನು ಹಿಡಿದು ಕುಳಿತು, ಪಂಪ್‌ನ ಜೀನ್ ಕೆಲಸ ಮಾಡದಂತೆ ನೋಡಿಕೊಳ್ಳುತ್ತದೆ. ಔಷಧದ ಅಣು ಬಂದು ಅಂಟಿದೊಡನೆ ಅದರ ಆಕಾರ ಬದಲಾಗಿ ಹಿಡಿತ ಸಡಿಲವಾಗುತ್ತದೆ. ಆಗ ಪಂಪ್ ತಯಾರಾಗಿ ಔಷಧವನ್ನು ಹೊರಹಾಕುತ್ತದೆ.

ಕೆಟ್ಟರೆ ಏನಾಗುತ್ತದೆ?

ಟೆಟ್‌ಆರ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾದರೂ ಸ್ವಿಚ್ ಕೆಡಬಹುದು. ಔಷಧ ಬಂದರೂ ಅದು ಡಿಎನ್‌ಎ ಬಿಡುವುದಿಲ್ಲ. ಪಂಪ್ ಇಲ್ಲದ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯುತ್ತದೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅದೇ ಪ್ರೋಟೀನ್‌ನಲ್ಲಿ, ಮೊದಲ ತಪ್ಪಿನಿಂದ ದೂರದ ಜಾಗದಲ್ಲಿ ಎರಡನೇ ರೂಪಾಂತರವಾದರೆ ಸ್ವಿಚ್ ಮತ್ತೆ ಕೆಲಸ ಮಾಡಬಹುದು. ಮೊದಲ ತಪ್ಪು ಹಾಗೆಯೇ ಉಳಿದಿರುತ್ತದೆ!

ಇದನ್ನು ತಕ್ಕಡಿಗೆ ಹೋಲಿಸಬಹುದು. ‘ಹಿಡಿ’ ಮತ್ತು ‘ಬಿಡು’ ಎಂಬ ಎರಡು ಆಕಾರಗಳ ನಡುವೆ ಟೆಟ್‌ಆರ್ ತೂಗುತ್ತಿರುತ್ತದೆ. ಮೊದಲ ರೂಪಾಂತರ ‘ಹಿಡಿ’ ತಟ್ಟೆಯನ್ನು ಭಾರವಾಗಿಸಿದರೆ, ಎರಡನೆಯದು ‘ಬಿಡು’ ತಟ್ಟೆಗೆ ಬೊಟ್ಟು ಇಟ್ಟಂತೆ. ತೂಕ ಸರಿಹೋದರೆ ಸಾಕು, ಬೊಟ್ಟು ತಟ್ಟೆಯ ಯಾವ ಮೂಲೆಯಲ್ಲಿದೆ ಎಂಬುದು ಮುಖ್ಯವಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೆಟ್‌ಆರ್‌ನ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ನೋಡಿದ್ದರು. ಈ ಸ್ವಿಚ್ ಕೆಲಸ ಮಾಡಲು ಒಂದೇ ನಿಗದಿತ ದಾರಿ ಇಲ್ಲ, ಹಲವು ದಾರಿಗಳಿವೆ ಎಂಬುದು ಅವರು ಕಂಡುಕೊಂಡ ಅಂಶ.

ನಮಗೇಕೆ ಮುಖ್ಯ?

ಬ್ಯಾಕ್ಟೀರಿಯಾ ಯೋಚಿಸಿ ರಿಪೇರಿ ಮಾಡಿಕೊಳ್ಳುವುದಿಲ್ಲ. ರೂಪಾಂತರಗಳು ಆಕಸ್ಮಿಕ. ಆದರೆ ಅನುಕೂಲ ಪರಿಸ್ಥಿತಿಯಲ್ಲಿ ಇ.ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಕೋಟಿಗಟ್ಟಲೆ ಪ್ರತಿಗಳಲ್ಲಿ ಒಂದಕ್ಕೆ ಸರಿಯಾದ ಎರಡನೇ ರೂಪಾಂತರ ಸಿಕ್ಕರೂ, ಔಷಧದ ನಡುವೆ ಉಳಿದು ಬೆಳೆಯುವುದು ಅದೇ.

ಹಾಗಾಗಿ ಬ್ಯಾಕ್ಟೀರಿಯಾದ ಪ್ರೋಟೀನ್‌ನ ಒಂದೇ ಜಾಗವನ್ನು ಕೆಡಿಸಿ ಗೆದ್ದೆವು ಎನ್ನುವಂತಿಲ್ಲ. ವೈದ್ಯರ ಸಲಹೆ ಇಲ್ಲದೆ ನುಂಗುವ ಪ್ರತಿ ಆ್ಯಂಟಿಬಯೋಟಿಕ್ ಮಾತ್ರೆಯೂ ಇಂಥ ಬ್ಯಾಕ್ಟೀರಿಯಾವನ್ನೇ ಆರಿಸಿ ಉಳಿಸುವ ಜರಡಿಯಾಗಬಹುದು.