ಮನೆಯಲ್ಲಿ ಚಿಕ್ಕ ಮಗುವಿನ ಕ್ರಿಸ್ಮಸ್

ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಶಾಲೆಯಲ್ಲಿ ಪಾಠಗಳು ನಡೆಯುತ್ತಿದ್ದರೂ ಮಕ್ಕಳ ಮನಸ್ಸು ಅದಾಗಲೇ ಊರಿಗೆ ಹೊರಟುಹೋಗಿರುವದು. ದಸರೆಯ ರಜೆಯಲ್ಲಿ ಕೆಲವು ದಿನಗಳನ್ನು ಉಳಿಸಿಕೊಂಡು ಮಿಶನ್ ಶಾಲೆಗಳು ಕೊಡುವ ಈ ರಜೆಯು ಅಲ್ಪವಾದದ್ದು. ಆದರೂ ಬೋರ್ಡಿಂಗಿನ ಹುಡುಗಿಯರು ಇದನ್ನು ಎದುರುನೋಡುವಷ್ಟು ಬೇಸಗೆಯ ರಜೆಯನ್ನು ಸಹ ನೋಡುವದಿಲ್ಲ. ಈ ದೊಡ್ಡ ಹುಡುಗಿಯರ ವಿಷಯವಾಗಿ ನಾವು ಈಗ ಹೆಚ್ಚು ಬರೆಯುವದಿಲ್ಲ. ಅವರು ಪೆಟ್ಟಿಗೆ ಹೊತ್ತು ಮನೆ ಸೇರುವಾಗ ಬಾಗಲಲ್ಲಿ ಕಾದು ನಿಂತಿರುವ ನಾಲ್ಕೈದು ವರ್ಷ ಪ್ರಾಯದ ತಂಗಿ ತಮ್ಮಂದಿರ ಕುರಿತು ಬರೆಯಬೇಕೆಂದಿದ್ದೇವೆ. ಆ ಕೂಸುಗಳಿಗೆ ಕ್ರಿಸ್ಮಸ್ ಎಂದರೇನು, ಆ ಎಂಟು ದಿನಗಳನ್ನು ಮನೆಯವರು ಹೇಗೆ ನಡಿಸಿದರೆ ಒಳ್ಳೇದು ಎಂಬದನ್ನು ನಾವು ತರಬೇತಿ ಶಾಲೆಯ ಪುಸ್ತಕಗಳಿಂದ ಕಲಿತದ್ದು ಸ್ವಲ್ಪ. ತುರುವನೂರಿನ ಒಂದು ಮನೆಯಲ್ಲಿ ಕಲಿತದ್ದು ಹೆಚ್ಚು. ಅದೂ ನಾವೇ ಮಾಡಿದ ಒಂದು ತಪ್ಪಿನಿಂದ.

ತುರುವನೂರು ಚಿತ್ರದುರ್ಗದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಊರು. ನಮ್ಮ ಹುಡುಗಿಯರು ಇದರ ಹೆಸರನ್ನು ಚರಿತ್ರೆಯ ಪಾಠದಲ್ಲಿ ಓದಿರುವರು. 1939ರಲ್ಲಿ ಇಲ್ಲಿ ಈಚಲು ಮರಗಳನ್ನು ಕಡಿದು ನಡಿಸಿದ ಸತ್ಯಾಗ್ರಹದಲ್ಲಿ ಎಸ್. ನಿಜಲಿಂಗಪ್ಪನವರು ಮುಂದಾಳಾಗಿ ಸೆರೆಮನೆಗೆ ಹೋದರು. ಸುತ್ತಲೂ ಕಪ್ಪು ಎರೆಯ ಭೂಮಿ. ಮಳೆ ಕಡಮೆ. ಡಿಸೆಂಬರಿನಲ್ಲಿ ಕಣ್ಣು ಹಾಯುವ ವರೆಗೂ ಕಡಲೆಯ ಹೊಲ, ನಡುನಡುವೆ ಹಿಂಗಾರಿ ಜೋಳ. ಕೆಲವು ವರ್ಷಗಳ ಹಿಂದೆ ನಮ್ಮ ಬೋರ್ಡಿಂಗಿನ ಒಬ್ಬ ಹುಡುಗಿಯ ತಾಯಿ ಅಲ್ಲಿಯ ಸರಕಾರಿ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿದ್ದರು. ತಂದೆ ದೂರದಲ್ಲಿ ಕೆಲಸದಲ್ಲಿದ್ದು ಆ ವರ್ಷ ಬರುವಂತಿರಲಿಲ್ಲ. ಆ ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ತಾಯಿಯು ಬಹಳವಾಗಿ ಕೇಳಿಕೊಂಡದ್ದರಿಂದ ನಾವು ಆ ರಜೆಯನ್ನು ಅವರ ಸಂಗಡ ಕಳೆದೆವು. ಮನೆಯಲ್ಲಿ ಐದು ವರ್ಷದ ಇನ್ನೊಂದು ಹೆಣ್ಣುಮಗುವಿತ್ತು. ಈ ಲೇಖನದ ನಾಯಕಿ ಅವಳೇ.

ನಾವು ಬಸ್ಸಿಳಿದು ಮನೆ ಸೇರಿದೊಡನೆ ಅವಳು ಕೇಳಿದ ಮೊದಲ ಮಾತು, "ಇವತ್ತು ಕ್ರಿಸ್ಮಸ್ಸಾ?" ಎಂಬದು. ಅಲ್ಲವೆಂದು ಹೇಳಿದೆವು. ಊಟವಾದ ಮೇಲೆ ಪುನಃ ಕೇಳಿದಳು. ಈ ಪ್ರಾಯದ ಮಕ್ಕಳಿಗೆ ನಿನ್ನೆ, ನಾಳೆ ಎಂಬ ಮಾತುಗಳು ಗೊತ್ತಿದ್ದರೂ ಅವುಗಳ ಅಳತೆ ಗೊತ್ತಿರುವದಿಲ್ಲ. ಆದಕಾರಣ ಕಾಯುವದು ಅವರಿಗೆ ನಿಜವಾದ ಕಷ್ಟ. ಇದೇ ಪ್ರಶ್ನೆಯನ್ನು ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಬಡಮಕ್ಕಳ ಆಶ್ರಯವನ್ನು ನಡಿಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿಗೂ ಮಕ್ಕಳು ದಿನದಿನವೂ ಕೇಳಿ ಬೇಸರಪಡಿಸುತ್ತಿದ್ದರಂತೆ. ಅವನು 1839ರಲ್ಲಿ ಒಂದು ಬಂಡಿಯ ಗಾಲಿಯ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ, ವಾರದ ದಿನಕ್ಕೆ ಚಿಕ್ಕದನ್ನೂ ಆದಿತ್ಯವಾರಕ್ಕೆ ದೊಡ್ಡದನ್ನೂ ಒಂದೊಂದಾಗಿ ಹೊತ್ತಿಸಿ, ಇನ್ನೆಷ್ಟು ದಿನ ಉಳಿದಿವೆಯೆಂದು ಮಕ್ಕಳ ಕಣ್ಣಿಗೆ ತೋರಿಸಿದನು. ಇಂದು ಅನೇಕ ದೇವಾಲಯಗಳಲ್ಲಿ ಆಗಮನ ಕಾಲದಲ್ಲಿ ಹೊತ್ತಿಸುವ ನಾಲ್ಕು ಬತ್ತಿಗಳ ಹಸುರು ಮಾಲೆ ಆ ಗಾಲಿಯಿಂದಲೇ ಬಂದದ್ದು. ತುರುವನೂರಿನಲ್ಲಿ ಗಾಲಿಯಾಗಲಿ ಮೇಣದ ಬತ್ತಿಗಳಾಗಲಿ ಬೇಕಾಗಲಿಲ್ಲ. ತಾಯಿಯು ಒಂದು ಬಟ್ಟಲಲ್ಲಿ ಹುಣಸೇಬೀಜಗಳನ್ನು ಎಣಿಸಿ ಹಾಕಿದರು. ಮಲಗುವ ಮುಂಚೆ ಮಗುವು ಒಂದನ್ನು ತೆಗೆದು ಕಿಟಿಕಿಯ ಆಚೆ ಎಸೆಯುವದು. ಪ್ರಶ್ನೆ ಆ ಕ್ಷಣವೇ ನಿಂತಿತು.

ಮನೆಯ ಮೂಲೆಯಲ್ಲಿ ಗೋದಲಿಯನ್ನು ಮಾಡುವಾಗ ನಾವು ಒಂದು ಹೊಸ ಸಂಗತಿಯನ್ನು ಕಲಿತೆವು. ಪೇಟೆಯ ಮಕ್ಕಳಿಗೆ ಗೋದಲಿ ಎಂಬದು ವೇದಪುಸ್ತಕದ ಮಾತು. ಅರ್ಥವನ್ನು ನಾವು ಬಿಡಿಸಿ ಹೇಳಬೇಕು. ಆ ಊರಿನ ಮಗುವಿಗೆ ಅದು ಎದುರುಮನೆಯಲ್ಲಿ ದಿನವೂ ಕಾಣುವ ವಸ್ತು. ಊರಿನ ಹೆಸರಿನಲ್ಲಿಯೇ ಹಸುವೆಂಬ ಅರ್ಥವುಳ್ಳ ತುರು ಎಂಬ ಹಳಗನ್ನಡದ ಮಾತು ಕೇಳಿಸುತ್ತದಲ್ಲವೇ? ಬಯಲುಸೀಮೆಯ ಹಳೇ ಮನೆಗಳಲ್ಲಿ ತಲೆಬಾಗಲು ದಾಟಿದ ಕೂಡಲೆ ದನ ಕಟ್ಟುವ ಸ್ಥಳ. ಅದರಾಚೆ ಒಂದು ಮೆಟ್ಟಲೆತ್ತರದಲ್ಲಿ ಮನುಷ್ಯರ ವಾಸ. ಒಂದೇ ಮಾಡಿನ ಕೆಳಗೆ ಎರಡೂ. ಪಾಶ್ಚಾತ್ಯ ಚಿತ್ರಗಾರರು ಗೋದಲಿಯನ್ನು ಊರ ಹೊರಗಿನ ಒಂಟಿ ಕೊಟ್ಟಿಗೆಯಲ್ಲಿ ಚಿತ್ರಿಸಿದರು; ಆದರೆ ಪಾಲೆಸ್ತೀನದ ಹಳ್ಳಿಯ ಮನೆಗಳು ಸಹ ಹೀಗೆಯೇ ಇದ್ದು, ದನಗಳ ಮೇವಿನ ತೊಟ್ಟಿ ಮನೆಯೊಳಗೇ ಇರುತ್ತಿತ್ತೆಂದು ಆ ದೇಶವನ್ನು ಬಲ್ಲ ಪಂಡಿತರು ಹೇಳುತ್ತಾರೆ. ಮತ್ತೊಂದು ಮಾತು: ಲೂಕನ ಸುವಾರ್ತೆಯಲ್ಲಿ ಗೋದಲಿಯುಂಟು, ಎತ್ತು ಕತ್ತೆಗಳ ಹೆಸರಿಲ್ಲ. ಅವು ನಂತರದ ಕಾಲದಲ್ಲಿ ಬಂದು ಸೇರಿದವು. 1223ರಲ್ಲಿ ಅಸ್ಸಿಸಿಯ ಫ್ರಾನ್ಸಿಸನು ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಜೀವಂತ ಎತ್ತು ಕತ್ತೆಗಳನ್ನೇ ತಂದು ಕಟ್ಟಿ ಬಡಜನರಿಗೆ ಈ ಸಂಗತಿಯನ್ನು ತೋರಿಸಿದನು. ನಮ್ಮ ಚಿಕ್ಕವಳು ಮಣ್ಣಿನ ಎತ್ತುಗಳನ್ನು ಇಟ್ಟು, ಸ್ವಲ್ಪ ಹೊತ್ತು ನೋಡಿ, ಎದುರುಮನೆಯಿಂದ ಒಂದು ಹಿಡಿ ಜೋಳದ ಸೊಪ್ಪೆ ತಂದು ಮುಂದೆ ಹಾಕಿದಳು. ಮೇವಿಲ್ಲದೆ ಎತ್ತುಗಳು ರಾತ್ರಿಯೆಲ್ಲಾ ಕೂಗುವವೆಂದು ಅವಳ ಎಣಿಕೆ.

ನಕ್ಷತ್ರದ ವಿಷಯವನ್ನೂ ಹೇಳಬೇಕು, ಯಾಕಂದರೆ ಈಗ ಎಲ್ಲರೂ ಅಂಗಡಿಯಿಂದ ಕೊಂಡು ತರುವದರಿಂದ ಅದನ್ನು ಕಟ್ಟುವ ವಿದ್ಯೆ ಮರೆತುಹೋಗುತ್ತಾ ಇದೆ. ಬಿದಿರಿನ ಹತ್ತು ಸಮನಾದ ದಬ್ಬೆಗಳನ್ನು ಸೀಳಿ, ಐದೈದರಿಂದ ಎರಡು ಐದುಮೂಲೆಯ ನಕ್ಷತ್ರಗಳನ್ನು ಕಟ್ಟಬೇಕು. ಒಂದರ ಮೇಲೊಂದನ್ನಿಟ್ಟು ಐದು ತುದಿಗಳಲ್ಲಿ ದಾರದಿಂದ ಬಿಗಿಯಬೇಕು. ತರುವಾಯ ಒಳಗೆ ದಬ್ಬೆಗಳು ಒಂದನ್ನೊಂದು ದಾಟುವ ಐದು ಕಡೆಗಳಲ್ಲಿ ಗೇಣಿಗಿಂತ ಚಿಕ್ಕದಾದ ಐದು ಕಡ್ಡಿಗಳನ್ನು ನಡುವೆ ತಳ್ಳಿದರೆ ನಕ್ಷತ್ರವು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುವದು. ಮೇಲೆ ಬಣ್ಣದ ಕಾಗದ. ಕಟ್ಟುವ ಕೆಲಸ ಐದು ವರ್ಷದ ಮಗುವಿನಿಂದಾಗದು. ಆದರೆ ಮೈದಾಹಿಟ್ಟಿನ ಅಂಟನ್ನು ಬಳಿಯುವದು ಆಗುವದು, ಕಡ್ಡಿಗಳನ್ನು ಹಿಡಿದುಕೊಂಡು ಕರೆದಾಗ ಒಂದೊಂದಾಗಿ ಕೊಡುವದೂ ಆಗುವದು. ಒಳಗೆ ಬತ್ತಿಯನ್ನು ಇಡಕೂಡದು, ವಿದ್ಯುದ್ದೀಪವನ್ನೇ ಇಡಬೇಕು. ಕಾಗದ ಹತ್ತಿಕೊಂಡದ್ದನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇವೆ.

ತಿಂಡಿಗಳು ಎಲ್ಲಾ ಕಡೆ ಒಂದೇ ಅಲ್ಲ. ಮಂಗಳೂರಿನ ಕಡೆಯ ಕಥೋಲಿಕರು ಕುಸ್ವಾರ್ ಎಂದು ತೆಂಗು ಅಕ್ಕಿಗಳಿಂದ ಹತ್ತಾರು ಬಗೆ ಮಾಡುವರು. ಇಲ್ಲಿ ಕರ್ಜಿಕಾಯಿ, ಚಕ್ಕುಲಿ, ಶೇಂಗಾ ಬೆಲ್ಲದ ಉಂಡೆ, ಅಚ್ಚುಮುರುಕು, ಮತ್ತು ಬೆಂಗಳೂರಿನಿಂದ ಕಲಿತುಬಂದ ಕಲ್ಕಲ್. ಈ ಕೊನೆಯದು ಮಕ್ಕಳಿಗೆಂದೇ ಹುಟ್ಟಿದ ತಿಂಡಿ. ನಾದಿದ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಮೇಲಾಗಲಿ ಮುಳ್ಳುಚಮಚದ ಬೆನ್ನಮೇಲಾಗಲಿ ಹೆಬ್ಬೆರಳಿಂದ ಒತ್ತಿ ಸುರುಳಿ ಸುತ್ತಿದರೆ ಗೀರುಗಳುಳ್ಳ ಚಿಪ್ಪಿನಂತೆ ಆಗುವದು. ನಮ್ಮ ಹೆಂಗಸರು ಮದುವೆಗೆ ಗವಲೆ ಹೊಸೆಯುವದೂ ಇದೇ ಕೈಚಳಕದಿಂದ. ಚಿಕ್ಕವಳು ಹೊಸೆದವುಗಳು ಸೊಟ್ಟಗಿದ್ದವು. ತಾಯಿಯು ಅವುಗಳನ್ನು ತಿರುಗಿ ಹೊಸೆಯದೆ ಹಾಗೆಯೇ ಎಣ್ಣೆಗೆ ಬಿಟ್ಟರು. ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು: ಬೋರ್ಡಿಂಗಿನಿಂದ ಬಂದ ಅಕ್ಕನು ಮೂರು ದಿನ ಒಲೆಯ ಮುಂದಿನಿಂದ ಏಳಲಿಲ್ಲ. ಎಷ್ಟೋ ಮನೆಗಳಲ್ಲಿ ಹುಡುಗಿಗೆ ರಜೆಯೆಂದರೆ ಹೊಗೆ, ಹುಡುಗನಿಗೆ ರಜೆಯೆಂದರೆ ಆಟ. ಜನವರಿಯಲ್ಲಿ ಬಳಲಿ ಬರುವ ಹುಡುಗಿಯರ ಮುಖ ನೋಡುವವರು ನಾವು. ತಾಯಂದಿರು ಇದನ್ನು ಯೋಚಿಸಬೇಕು.

ಈಗ ತಟ್ಟೆಗಳ ಸಂಗತಿ. ಕ್ರಿಸ್ಮಸ್ಸಿನ ಬೆಳಿಗ್ಗೆ ನೆರೆಮನೆಗಳಿಗೆ ತಿಂಡಿಯ ತಟ್ಟೆಯನ್ನು ಕಳುಹಿಸುವ ಪದ್ಧತಿ ನಮ್ಮಲ್ಲಿ ಎಲ್ಲಾ ಕಡೆ ಉಂಟು. ಆ ಬೀದಿಯಲ್ಲಿ ಲಿಂಗಾಯತರು, ನಾಯಕರು, ಒಂದು ಮುಸಲ್ಮಾನರ ಮನೆ. ಮೊಟ್ಟೆ ಸೇರಿದ ಕೇಕನ್ನು ಯಾವ ತಟ್ಟೆಯಲ್ಲಿ ಇಡಬಹುದು, ಯಾವದರಲ್ಲಿ ಇಡಕೂಡದು ಎಂಬದನ್ನು ಮಗುವು ತಾಯಿಗಿಂತ ಚೆನ್ನಾಗಿ ಬಲ್ಲದು. "ಮೂಲೆಮನೆ ಅಜ್ಜಿಗೆ ಕೇಕು ಬೇಡ, ಎರಡು ಕರ್ಜಿಕಾಯಿ ಜಾಸ್ತಿ" ಎಂದು ಹಿಂದಿನ ದಿನವೇ ನಮಗೆ ಅಪ್ಪಣೆಯಾಗಿತ್ತು. ಸಂಕ್ರಾಂತಿಯಲ್ಲಿ ಆ ಬೀದಿಯ ಚಿಕ್ಕ ಹುಡುಗಿಯರು ರೇಶ್ಮೆ ಲಂಗ ಉಟ್ಟು ಮನೆಮನೆಗೆ ಎಳ್ಳು ಬೀರುವದನ್ನು ಅವಳು ನೋಡಿದ್ದಳು. ಈ ವರ್ಷ ಕ್ರಿಸ್ಮಸ್ಸಿನ ತಟ್ಟೆಯನ್ನು ತಾನೇ ಹೊತ್ತು ಕೊಂಡುಹೋಗುವದೆಂದು ತಾಯಿಯಿಂದ ಮಾತು ಪಡೆದಿದ್ದಳು.

24ರ ರಾತ್ರಿ ತಾಯಿಗೆ ಆರೋಗ್ಯ ಕೇಂದ್ರದಲ್ಲಿ ಕೆಲಸವಿತ್ತು. ಹಬ್ಬವೆಂದು ರೋಗ ನಿಲ್ಲುವದಿಲ್ಲ, ಯಾರಾದರೊಬ್ಬರು ಇರಲೇಬೇಕು. ಮಗುವು ಅಮ್ಮ ಬರುವ ವರೆಗೂ ಎದ್ದಿರುವೆನೆಂದು ಹಟಮಾಡಿ ಬಹಳ ಹೊತ್ತಿನ ಮೇಲೆ ನಿದ್ದೆಹೋಯಿತು. ಬೆಳಿಗ್ಗೆ ಎಂಟಾದರೂ ಏಳಲಿಲ್ಲ. ಬಳಲಿದ ಕೂಸು ಮಲಗಲಿ, ಹೊತ್ತಾದರೆ ನೆರೆಯವರು ಹೊಲಕ್ಕೆ ಹೋಗಿಬಿಟ್ಟಾರು ಎಂದು ಎಣಿಸಿ, ನಾವೇ ಅಕ್ಕನ ಕೈಯಲ್ಲಿ ಏಳು ತಟ್ಟೆಗಳನ್ನೂ ಕಳುಹಿಸಿಬಿಟ್ಟೆವು. ಎದ್ದು ಬಂದ ಚಿಕ್ಕವಳು ಬರಿದಾದ ಮಂಚವನ್ನು ನೋಡಿದಳು. ಹೊಸ ಅಂಗಿಯನ್ನು ತೋರಿಸಿದೆವು. ನಾವು ಪೇಟೆಯಿಂದ ತಂದಿದ್ದ ಗೊಂಬೆಯನ್ನು ಕೊಟ್ಟೆವು. ಅದನ್ನು ನೆಲದ ಮೇಲಿಟ್ಟು, "ಮೂಲೆಮನೆ ಅಜ್ಜಿಗೆ ಯಾರು ಕೊಟ್ಟರು?" ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ಗೋಡೆಯ ಕಡೆ ಮುಖಮಾಡಿ ಅತ್ತಳು. ಅಮ್ಮ ಇಲ್ಲದ್ದಕ್ಕಾಗಿ ಅವಳು ಅತ್ತಿರಲಿಲ್ಲ. ಊಟವನ್ನು ಸಾಯಂಕಾಲಕ್ಕೆ ಮುಂದೂಡಿದ್ದಕ್ಕೂ ಅಳಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಕಲಿಸಿದ ನಾವು ಆ ಹೊತ್ತು ನಾಚಿಕೊಂಡೆವು. ಹಬ್ಬದ ದಿನವನ್ನು ಬದಲಾಯಿಸಿದರೆ ಚಿಕ್ಕ ಮಗುವು ಸಹಿಸೀತು. ಹಬ್ಬದಲ್ಲಿ ತನಗೆ ಕೊಟ್ಟ ಕೆಲಸವನ್ನು ಬೇರೊಬ್ಬರು ತೆಗೆದುಕೊಂಡರೆ ಸಹಿಸದು. ನಾವು ಹಿರಿಯರು ಅದರ ಕೈಗೆ ಏನು ಕೊಡಬೇಕೆಂದು ಯೋಚಿಸಿ ಹಣ ವೆಚ್ಚಮಾಡುತ್ತೇವೆ. ಅದರ ಕೈಯಿಂದ ಏನು ಕೊಡಿಸಬೇಕೆಂದು ಯೋಚಿಸುವದಿಲ್ಲ.

ತಾಯಿ ಮನೆಗೆ ಬಂದು, ಸಂಗತಿಯನ್ನು ಕೇಳಿ, ಏನೂ ಹೇಳದೆ ಸ್ವಲ್ಪ ಮಲಗಿ ಎದ್ದು, ಸಾಯಂಕಾಲ ಎಂಟನೆಯ ತಟ್ಟೆಯೊಂದನ್ನು ಕಟ್ಟಿದರು. ಮಗುವು ಅದನ್ನು ಎರಡೂ ಕೈಯಿಂದ ಹಿಡಿದು ಮೂಲೆಮನೆಗೆ ನಡೆಯಿತು. ನಾವು ಹತ್ತು ಹೆಜ್ಜೆ ಹಿಂದೆ ಹೋದೆವು. ಆ ಅಜ್ಜಿ ಬೆಳಿಗ್ಗೆ ಬಂದ ತಟ್ಟೆಯ ಮಾತನ್ನೇ ಎತ್ತದೆ, "ಅಯ್ಯೋ, ಈಗ ಬಂದೆಯೇನವ್ವಾ, ಬೆಳಗಿಂದ ದಾರಿ ನೋಡಿ ಸಾಕಾಯ್ತು" ಎಂದು ತಟ್ಟೆಯನ್ನು ಇಸುಕೊಂಡಳು. ಅಕ್ಷರ ಬಾರದ ಹೆಂಗಸು. ಅಂಥ ಉಪಾಧ್ಯಾಯಿನಿಯರು ನಮ್ಮ ಶಾಲೆಗೆ ಸಿಕ್ಕಿದರೆ ಎಷ್ಟೋ ಒಳ್ಳೇದು.

ಉಳಿದ ದಿನಗಳು ವೇಗವಾಗಿ ಕಳೆದವು. 27ರಂದು ಸಿಹಿ ಹೆಚ್ಚಾಗಿ ಹೊಟ್ಟೆನೋವು, ಗಂಜಿ ಕುಡಿಸಿದೆವು. ಬೇಸರವಾದಾಗ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಿರಿಸುವದು ಈಗ ಎಲ್ಲಾ ಮನೆಗಳ ರೂಢಿ. ಅದರ ಬದಲು ಎದುರುಮನೆಯವರು ಅವಳನ್ನು ಕಡಲೆಯ ಹೊಲಕ್ಕೆ ಕರಕೊಂಡು ಹೋದರು. ಬೆಳಗಿನ ಇಬ್ಬನಿಯಲ್ಲಿ ಕಡಲೆಯ ಎಲೆಗಳ ಮೇಲೆ ಹುಳಿ ಕೂಡಿರುವದು. ರೈತರು ತೆಳ್ಳಗಿನ ಬಟ್ಟೆಯನ್ನು ಗಿಡಗಳ ಮೇಲೆ ಎಳೆದು ಹಿಂಡಿ ಅದನ್ನು ಕೂಡಿಸಿ, ಹೊಟ್ಟೆಯ ತೊಂದರೆಗೆ ಮದ್ದಾಗಿ ಇಡುವದುಂಟು. ಅವಳು ಬೆರಳು ನೆಕ್ಕುತ್ತಾ ಮನೆಗೆ ಬಂದಳು. ಹೊಟ್ಟೆನೋವು ಗಂಜಿಯಿಂದ ಹೋಯಿತೋ ಹುಳಿಯಿಂದ ಹೋಯಿತೋ ಎಂದು ತಾಯಿಯೂ ಎದುರುಮನೆಯವರೂ ಬಹಳ ಹೊತ್ತು ವಾದಿಸಿದರು.

31ರ ರಾತ್ರಿಯ ಜಾಗರಣ ಆರಾಧನೆಯು ವೆಸ್ಲಿಯನ್ ಮಿಶನಿನಿಂದ ನಮ್ಮ ಸಭೆಗಳಿಗೆ ಬಂದದ್ದು. 1740ರ ದಶಕದಲ್ಲಿ ಇಂಗ್ಲೆಂಡಿನ ಕಿಂಗ್ಸ್‌ವುಡ್ ಎಂಬಲ್ಲಿಯ ಕಲ್ಲಿದ್ದಲಿನ ಗಣಿಯವರು, ಮುಂಚೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದಾಗ ಜಾನ್ ವೆಸ್ಲಿಯು ಅದನ್ನು ಮೆಚ್ಚಿ ಇತರ ಸಭೆಗಳಲ್ಲಿಯೂ ನಡಿಸಿದನು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಒಂದಾದ ಮೇಲೂ ಈ ಪದ್ಧತಿ ಉಳಿದಿದೆ. ಹೆಂಡದ ಈಚಲು ಮರಗಳನ್ನು ಕಡಿದ ಊರಿನಲ್ಲಿ ಕುಳಿತು ನಾವು ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನಕ್ಕಳು. ಐದು ವರ್ಷದ ಮಗುವನ್ನು ಮಧ್ಯರಾತ್ರಿಯ ವರೆಗೆ ಎಚ್ಚರವಾಗಿ ಇಡುವದು ನಮ್ಮ ಮನಸ್ಸಿಗೆ ಒಪ್ಪದು. ಚಿಕ್ಕವಳು ಚಾಪೆಯ ಮೇಲೆ ನಿದ್ದೆಹೋದಳು; ನಾವು ಮೂವರು ಅವಳ ಪಕ್ಕದಲ್ಲಿ ಪ್ರಾರ್ಥನೆ ಮಾಡಿಕೊಂಡೆವು.

ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸುವದು ನಮ್ಮ ದೇಶದ ಪದ್ಧತಿಯಲ್ಲ. ಹೊಸ ವರ್ಷದೊಳಗೆ ಏಳು ತಟ್ಟೆಗಳು ತಿರುಗಿ ಬಂದವು. ಒಂದರಲ್ಲಿ ಹಸಿಕಡಲೆ, ಒಂದರಲ್ಲಿ ಸಕ್ಕರೆ, ಮುಸಲ್ಮಾನರ ಮನೆಯದರಲ್ಲಿ ನಾಲ್ಕು ಖರ್ಜೂರ. ಮೂಲೆಮನೆಗೆ ಹೋದ ಎರಡರಲ್ಲಿ ಒಂದು ಮಾತ್ರ ಬರಲಿಲ್ಲ. ನಾವು ಹೊರಡುವ ದಿನ ಬಸ್ಸಿನ ಬಳಿಯಲ್ಲಿಯೂ ಚಿಕ್ಕವಳು ಅದರ ಲೆಕ್ಕವನ್ನೇ ಹೇಳುತ್ತಿದ್ದಳು. ಜನವರಿಯ ಮೂರನೆಯ ವಾರದಲ್ಲಿ ತಾಯಿಯು ಅಕ್ಕನಿಗೆ ಬರೆದ ಕಾಗದದಲ್ಲಿ ಕೊನೆಗೆ ಎರಡು ಸಾಲು ನಮಗಾಗಿ ಇದ್ದವು: ಸಂಕ್ರಾಂತಿಯ ದಿನ ಅಜ್ಜಿಯು ತಾನೇ ಬಂದು ಎಂಟನೆಯ ತಟ್ಟೆಯನ್ನು ಮಗುವಿನ ಕೈಗೇ ಕೊಟ್ಟಳು, ಅದರಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಮತ್ತು ಎತ್ತಿನ ಆಕಾರದ ಒಂದು ಸಕ್ಕರೆ ಅಚ್ಚು ಇದ್ದವು, ಅಚ್ಚನ್ನು ಅವಳು ಇನ್ನೂ ತಿಂದಿಲ್ಲ, ಗೋದಲಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ, ಇರುವೆ ಮುತ್ತಿವೆ.