ಒಂದು ಕಿವಿ ಜನಕ್ಕೆ, ಒಂದು ಕಿವಿ ಮುಂದಿನ ಹಾಡಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ‘ಡಿಜೆ ಬಂತು’ ಎನ್ನುತ್ತಾರೆಯೇ ಹೊರತು ‘ಡಿಜೆ ಬಂದ’ ಎನ್ನುವವರು ಕಡಿಮೆ. ಗಣಪತಿ ವಿಸರ್ಜನೆಗೋ ಮದುವೆಯ ಮೆರವಣಿಗೆಗೋ ಬರುವುದು ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರ್‌ಗಳು. ಜನರ ಬಾಯಲ್ಲಿ ಡಿಜೆ ಎಂದರೆ ಅದೇ. ಹಬ್ಬ ಹತ್ತಿರ ಬಂದಾಗ ಪತ್ರಿಕೆಯಲ್ಲಿ ‘ಡಿಜೆಗೆ ನಿಷೇಧ’ ಎಂದು ಅಚ್ಚಾಗುವುದೂ ಆ ಸ್ಪೀಕರ್‌ಗಳ ಕುರಿತೇ. ಆದರೆ ಈ ಎರಡಕ್ಷರ ಹುಟ್ಟಿದ್ದು ಒಬ್ಬ ಮನುಷ್ಯನ ಕಸುಬಿನ ಹೆಸರಾಗಿ. ಡಿಸ್ಕ್ ಜಾಕಿ, ಅಂದರೆ ಗ್ರಾಮಫೋನ್ ತಟ್ಟೆಗಳನ್ನು ಆಡಿಸುವವನು. ಸ್ಪೀಕರ್‌ಗಳ ಹಿಂದೆ ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಒತ್ತಿಕೊಂಡು, ತಲೆ ಓರೆ ಮಾಡಿ ನಿಂತವನೇ ನಿಜವಾದ ಡಿಜೆ. ನೋಡುವವರಿಗೆ ಅದು ಶೋಕಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅವನ ಕೆಲಸದ ಬಹುಪಾಲು ಆ ಒಂದು ಕಿವಿಯಲ್ಲೇ ನಡೆಯುತ್ತಿರುತ್ತದೆ.

ಅವನ ಮುಂದಿರುವ ಸಮಸ್ಯೆ ಮೇಲ್ನೋಟಕ್ಕೆ ಸರಳ. ಕುಣಿಯುವವರು ಕುಣಿತ ನಿಲ್ಲಿಸದಂತೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಬೇಕು. ನಡುವೆ ಮೌನ ಬಂದರೆ ಜನ ನೀರು ಕುಡಿಯಲು ಹೋಗುತ್ತಾರೆ. ಹಾಗಾಗಿ ಮೊದಲ ಹಾಡು ಮುಗಿಯುವ ಮುನ್ನವೇ ಎರಡನೆಯದು ಅದರೊಳಗೆ ಸೇರಿಕೊಳ್ಳಬೇಕು, ಒಂದಷ್ಟು ಹೊತ್ತು ಎರಡೂ ಜೊತೆಯಾಗಿ ನುಡಿಯಬೇಕು, ಪೆಟ್ಟಿನ ಮೇಲೆ ಪೆಟ್ಟು ಕೂರಬೇಕು.

ಡೊಳ್ಳು ಕುಣಿತದ ತಂಡಕ್ಕೆ ಇದು ಕಷ್ಟವಲ್ಲ. ಒಬ್ಬನ ಕೈ ಕೊಂಚ ಮುಂದಾದರೆ ಪಕ್ಕದವನ ಕಡೆ ನೋಡಿ ತಿದ್ದಿಕೊಳ್ಳುತ್ತಾನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಮಂಚದ ಮೇಲೆ ನಟ ಒಂದು ಸಾಲನ್ನು ಎಳೆದು ಹಾಡಿದರೆ ತಬಲದವರು ಅವನಿಗಾಗಿ ಕಾಯುತ್ತಾರೆ. ಮುದ್ರಿಸಿದ ಹಾಡು ಯಾರಿಗೂ ಕಾಯುವುದಿಲ್ಲ. ಅದಕ್ಕೆ ಕಿವಿ ಇಲ್ಲ. ಎರಡು ಕಿವುಡು ಹಾಡುಗಳ ನಡುವೆ ನಿಂತು ಎರಡರ ಪರವಾಗಿಯೂ ಕೇಳಿಸಿಕೊಳ್ಳುವ ಕೆಲಸ ಡಿಜೆಯದು.

ಈ ವಿದ್ಯೆ ಕುದುರಿದ್ದು ನ್ಯೂಯಾರ್ಕಿನಲ್ಲಿ. ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ ನಡೆಯುತ್ತಿದ್ದ ‘ಸ್ಯಾಂಕ್ಚುಯರಿ’ ಎಂಬ ಕ್ಲಬ್ಬಿನಲ್ಲಿ 1969-70ರ ಸುಮಾರಿಗೆ ಫ್ರಾನ್ಸಿಸ್ ಗ್ರಾಸೊ ಎಂಬಾತ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು, ಮುಂದಿನ ತಟ್ಟೆಯನ್ನು ಹೆಡ್‌ಫೋನಿನಲ್ಲಿ ಮೊದಲೇ ಆಲಿಸಿ, ಓಡುತ್ತಿರುವ ಹಾಡಿನ ಲಯಕ್ಕೆ ಹೊಂದಿಸಿ ಬಿಡುತ್ತಿದ್ದ. ತಟ್ಟೆಯ ಕೆಳಗೆ ಬಟ್ಟೆಯ ಹಾಸು ಹಾಕಿ, ಕೆಳಗಿನ ಚಕ್ರ ತಿರುಗುತ್ತಿದ್ದರೂ ತಟ್ಟೆಯನ್ನು ಬೆರಳಿನಿಂದ ತಡೆಹಿಡಿದು, ಬೇಕಾದ ಕ್ಷಣಕ್ಕೆ ಕೈ ಬಿಡುವ ಉಪಾಯ ರೇಡಿಯೊ ಕೇಂದ್ರಗಳಿಂದ ಬಂದದ್ದು. ಕೆಲವು ವರ್ಷಗಳ ನಂತರ ಅದೇ ನಗರದ ಬ್ರಾಂಕ್ಸ್ ಭಾಗದಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಹುಡುಗ ತನ್ನ ಮಿಕ್ಸರಿಗೆ ತಾನೇ ಒಂದು ಸ್ವಿಚ್ಚು ಜೋಡಿಸಿ, ಜನರಿಗೆ ಕೇಳಿಸದ ಹಾಡನ್ನು ತಾನೊಬ್ಬನೇ ಕೇಳುವ ದಾರಿ ಮಾಡಿಕೊಂಡ. ಈಗ ಎಲ್ಲ ಮಿಕ್ಸರ್‌ಗಳಲ್ಲೂ ‘ಕ್ಯೂ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸ್ಪೀಕರಿಗೆ ಇನ್ನೂ ಬಿಡದ ಹಾಡೂ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ.

ಕೈಚಳಕವೆಲ್ಲ ಇರುವುದು ಮುಂದಿನ ಒಂದೆರಡು ನಿಮಿಷದಲ್ಲಿ. ಸ್ಪೀಕರಿನಲ್ಲಿ ನಿಮಿಷಕ್ಕೆ 120 ಪೆಟ್ಟಿನ ಹಾಡು ಓಡುತ್ತಿದೆ ಎನ್ನೋಣ. ಮುಂದಿನದು 121 ಪೆಟ್ಟಿನದು. ವ್ಯತ್ಯಾಸ ಒಂದೇ ಪೆಟ್ಟು ತಾನೇ ಎಂದು ಹಾಗೇ ಬಿಟ್ಟರೆ ಅರ್ಧ ನಿಮಿಷದಲ್ಲಿ ಎರಡೂ ಅರ್ಧ ಪೆಟ್ಟಿನಷ್ಟು ದೂರವಾಗಿ, ಒಂದರ ಪೆಟ್ಟುಗಳ ನಡುವೆ ಇನ್ನೊಂದರ ಪೆಟ್ಟು ಬೀಳತೊಡಗುತ್ತದೆ. ಅದಕ್ಕೂ ಮೊದಲೇ ಕುದುರೆ ದೌಡಾಯಿಸಿದಂಥ ‘ದಡಬಡ’ ಸದ್ದು ಶುರುವಾಗಿರುತ್ತದೆ. ಕುಣಿಯುವವರಿಗೆ ಕಾರಣ ತಿಳಿಯದು, ಕಾಲು ಮಾತ್ರ ತಪ್ಪುತ್ತದೆ.

ಇದನ್ನು ತಪ್ಪಿಸಲು ಡಿಜೆ ತೆರೆದ ಕಿವಿಯಲ್ಲಿ ಓಡುತ್ತಿರುವ ಹಾಡಿನ ನಾಲ್ಕರ ಎಣಿಕೆ ಹಿಡಿಯುತ್ತಾನೆ. ಮುಚ್ಚಿದ ಕಿವಿಯಲ್ಲಿ ಹೊಸ ಹಾಡಿನ ಮೊದಲ ಪೆಟ್ಟನ್ನು ಹುಡುಕಿ, ಸರಿಯಾಗಿ ‘ಒಂದು’ ಎನ್ನುವಾಗ ಬಿಡುತ್ತಾನೆ. ಎರಡೂ ಜೊತೆ ಹೊರಟವು. ಈಗ ಯಾವುದು ಮುಂದೆ, ಯಾವುದು ಹಿಂದೆ? ಹೊಸಬರು ಸೋಲುವುದು ಇಲ್ಲೇ. ಎರಡು ಬೇರೆಯಾಗುತ್ತಿವೆ ಎಂದು ಬೇಗ ತಿಳಿಯುತ್ತದೆ, ಯಾವ ಕಡೆಗೆ ಎಂದು ತಿಳಿಯುವುದಿಲ್ಲ. ಹಳಬರ ಉಪಾಯ ಹೀಗಿದೆ: ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿ ಹೊಸ ಹಾಡನ್ನು ತುಸು ತಡೆಯುವುದು. ಗೊಂದಲ ಕಡಿಮೆಯಾದರೆ ಅದು ಮುಂದೆ ಓಡುತ್ತಿತ್ತು ಎಂದರ್ಥ, ಹೆಚ್ಚಾದರೆ ಹಿಂದೆ ಬಿದ್ದಿತ್ತು. ಉತ್ತರ ಸಿಕ್ಕ ಮೇಲೆ ಪಿಚ್ ಎಂಬ ಜಾರುಗುಂಡಿಯಿಂದ ವೇಗ ಹೊಂದಿಸುತ್ತಾರೆ. 1979ರಲ್ಲಿ ಬಂದ, ಕ್ಲಬ್ಬುಗಳ ಅಳತೆಗೋಲೇ ಆಗಿಹೋದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನಲ್ಲಿ ಈ ಗುಂಡಿ ವೇಗವನ್ನು ಶೇ 8ರಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿತ್ತು. 120ರ ಹಾಡನ್ನು 124ಕ್ಕೆ ಏರಿಸಲು ಶೇ 3.3ರಷ್ಟು ಸಾಕು. ಮುಂದೆ ಬಂದ ಸಿ.ಡಿ. ಯಂತ್ರಗಳೂ ಲ್ಯಾಪ್‌ಟಾಪ್‌ಗಳೂ ಇದೇ ಕ್ರಮವನ್ನು ನಕಲು ಮಾಡಿದವು.

ಏನನ್ನು ಕೇಳಬೇಕು ಎಂಬುದರಲ್ಲೂ ಜಾಣತನವಿದೆ. ದೊಡ್ಡ ಡ್ರಮ್ಮಿನ ‘ಧಂ’ ಸದ್ದು ಸಭಾಂಗಣದಲ್ಲಿ ಗುಡುಗಿನಂತೆ ಹರಡಿ, ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ತಾಳದಂಥ ಕಿಣಿಕಿಣಿ ಸದ್ದು ಸೂಜಿಮೊನೆಯಂತೆ ಚೂಪು. ಅದನ್ನೇ ಹಿಡಿದು ಹೊಂದಿಸಿದರೆ ‘ಧಂ’ ತಾನಾಗಿ ಸರಿಹೋಗುತ್ತದೆ.

ದೂರದ ತೊಡಕು ಇನ್ನೊಂದು. ಹಿರಿಯೂರಿನ ತೇರು ಮಲ್ಲೇಶ್ವರನ ಜಾತ್ರೆಯಂಥ ನೂಕುನುಗ್ಗಲಿನಲ್ಲಿ ದೂರ ನಿಂತು ವಾದ್ಯದವರನ್ನು ನೋಡಿದರೆ ಕೋಲು ಚರ್ಮಕ್ಕೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸ್ಪೀಕರ್ 17 ಮೀಟರ್ ದೂರವಿದ್ದರೆ ಸದ್ದು ಡಿಜೆಯನ್ನು ತಲುಪುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ. 120ರ ಲಯದಲ್ಲಿ ಅದು ಪೆಟ್ಟಿನ ಹತ್ತನೇ ಒಂದು ಭಾಗ. ಅವನು ಹೆಡ್‌ಫೋನಿನ ಹಾಡನ್ನು ಈ ತಡವಾದ ಸದ್ದಿಗೆ ಕೂಡಿಸಿದರೆ ಜನರಿಗೆ ಎರಡೂ ಒಡೆದೇ ಕೇಳುತ್ತವೆ. ಅದಕ್ಕೇ ಕ್ಲಬ್ಬುಗಳಲ್ಲಿ ಡಿಜೆಯ ಪಕ್ಕದಲ್ಲೇ ಚಿಕ್ಕ ಸ್ಪೀಕರೊಂದನ್ನು ಇಡುತ್ತಾರೆ. ಅದಿಲ್ಲದ ಕಡೆ, ಬೀದಿಯ ಎರಡೂ ಬದಿಯ ಗೋಡೆಗಳಿಂದ ಮಾರ್ದನಿ ಬರುವ ಮೆರವಣಿಗೆಯಂಥಲ್ಲಿ, ತೆರೆದ ಕಿವಿಯನ್ನು ನಂಬುವಂತಿಲ್ಲ. ಎರಡೂ ಕಿವಿ ಮುಚ್ಚಿ, ಓಡುತ್ತಿರುವ ಹಾಡು ಒಂದು ಕಿವಿಗೂ ಬರಲಿರುವ ಹಾಡು ಇನ್ನೊಂದಕ್ಕೂ ಬರುವಂತೆ ಮಿಕ್ಸರಿನಲ್ಲಿ ಒಡೆದುಕೊಳ್ಳುವುದು ಒಂದು ಮಾರ್ಗ. ಎರಡನ್ನೂ ಎರಡು ಕಿವಿಗೂ ಬೆರೆಸಿಕೊಳ್ಳುವುದು ಇನ್ನೊಂದು. ಆಗ ಹೊಂದಾಣಿಕೆ ನಿಖರ, ಆದರೆ ಎದುರಿನ ಜನ ಏನು ಕೇಳುತ್ತಿದ್ದಾರೆ ಎಂಬುದು ಮರೆತುಹೋಗುವ ಅಪಾಯವಿದೆ.

ಚಿಕ್ಕ ಊರುಗಳಲ್ಲಿ ಕ್ಲಬ್ ಎಂದರೆ ಇಂದಿಗೂ ಇಸ್ಪೀಟಾಟದ ಕ್ಲಬ್ಬೇ. ಕುಣಿಯುವ ಕ್ಲಬ್ಬಿಗೆ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಆದರೂ ಕಲಿಯುವ ಆಸೆಯಿದ್ದವರಿಗೆ ಮೊದಲ ಪಾಠ ಮನೆಯಲ್ಲೇ ಸಾಧ್ಯ. ರೇಡಿಯೊದಲ್ಲಿ ಒಂದು ಹಾಡು ಬರುತ್ತಿರುವಾಗ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲಿನಲ್ಲಿ ಇನ್ನೊಂದು ಹಾಡು ಹಾಕಿ, ಯಾವುದು ವೇಗ ಎಂದು ಹೇಳಿ ನೋಡಬಹುದು. ಮೊದಲ ದಿನ ತಲೆ ತಿರುಗುತ್ತದೆ.

ಇಷ್ಟೆಲ್ಲ ಏಕೆ, ಈಗ ‘ಸಿಂಕ್’ ಎಂಬ ಗುಂಡಿ ಒತ್ತಿದರೆ ಕಂಪ್ಯೂಟರೇ ಹೊಂದಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಯಂತ್ರಕ್ಕೆ ಹಿಡಿದು ಮಾಡಿದ ಇಂದಿನ ಹಾಡುಗಳಿಗೆ ಅದು ಸರಿ. ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಲಯ ಉಸಿರಿನಂತೆ ಕೊಂಚ ಏರುತ್ತದೆ, ಕೊಂಚ ಇಳಿಯುತ್ತದೆ. ಮೆರವಣಿಗೆಯಲ್ಲಿ ಜನ ಕೇಳುವುದು ಹೆಚ್ಚಾಗಿ ಅಂಥವನ್ನೇ, ಇಲ್ಲವೇ ತಮಟೆಯ ಪೆಟ್ಟಿನ ಹಾಡುಗಳನ್ನು. ಅಲ್ಲಿ ಕಂಪ್ಯೂಟರಿನ ಎಣಿಕೆ ತಪ್ಪುವುದುಂಟು. ಆಗ ಮತ್ತೆ ಬೆರಳು, ಮತ್ತೆ ಹೆಡ್‌ಫೋನು.

ವಿಪರ್ಯಾಸವೆಂದರೆ ಈ ಕಸುಬಿನ ಬಂಡವಾಳವನ್ನು ಮೊದಲು ತಿನ್ನುವುದು ಕಸುಬೇ. ಹೊರಗಿನ ಸದ್ದನ್ನು ಮೀರಲು ಹೆಡ್‌ಫೋನಿನ ಸದ್ದು ಏರಿಸುತ್ತಾರೆ. ದಣಿದ ಕಿವಿಗೆ ಅದೂ ಸಾಲದಾಗಿ ಮತ್ತೆ ಏರಿಸುತ್ತಾರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ, 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸದಂತೆ ತಡೆದಿರುವುದು ಬೀದಿಯವರ ಸಲುವಾಗಿ. ಲಾರಿಯ ಮೇಲೆ ನಿಂತವನ ಕಿವಿಯನ್ನು ಅವನೇ ಕಾಯಬೇಕು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಆದರೆ ಹೊರಗಿನ ಸದ್ದು ತಡೆದು ಕಡಿಮೆ ದನಿಯಲ್ಲೇ ಕೆಲಸವಾಗುತ್ತದೆ. ಅನುಭವಿಗಳು ಲಯ ಹೊಂದಿದ ಕೂಡಲೇ ಅದನ್ನು ಕುತ್ತಿಗೆಗೆ ಇಳಿಸುತ್ತಾರೆ, ತೆರೆದ ಕಿವಿಗೆ ಸದ್ದು ತಗ್ಗಿಸುವ ಬಿರಡೆ ಇಡುತ್ತಾರೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಮಂಕಾಗುವುದು ಸಣ್ಣ, ಚೂಪು ಸದ್ದುಗಳು, ಲಯ ಹೊಂದಿಸಲು ಡಿಜೆ ನೆಚ್ಚಿಕೊಂಡ ಅದೇ ಕಿಣಿಕಿಣಿ.